ಪದವಿನ ಮೇಲೆ ಸತ್ತ ಕಾಸರಕ: ಒಂದು ಗುಡ್ಡದ ಪ್ರಕರಣ

ಭಾವನ ಫೋನು ಬಂದದ್ದು 2025ರ ಏಪ್ರಿಲ್‌ನಲ್ಲಿ, ವಿಷುವಿಗೆ ಎರಡು ದಿನ ಇರುವಾಗ. "ಹಬ್ಬಕ್ಕೆ ಹೇಗೂ ಬರುತ್ತೀಯಲ್ಲ, ಒಂದು ಹಾರೆ ಹಿಡಿದುಕೊಂಡು ಗುಡ್ಡಕ್ಕೆ ಹೋಗಿ ಬರೋಣ. 36ರಲ್ಲಿ 23 ಹೋದವು. ಕಾಸರಗೋಡಿನ ಮಣ್ಣಿನಲ್ಲಿ ಕಾಸರಕವೇ ಬದುಕುವುದಿಲ್ಲ ಎಂದಾದರೆ ಇನ್ನೇನು ಬದುಕೀತು?"

ಹಿನ್ನೆಲೆ ಇಷ್ಟು. 2023ರಲ್ಲಿ ಕಾಸರಗೋಡು ಜಿಲ್ಲೆ ತನ್ನದೇ ಆದ ಮರ, ಹೂ, ಹಕ್ಕಿ, ಪ್ರಾಣಿಗಳನ್ನು ಘೋಷಿಸಿಕೊಂಡಿತು. ಮರದ ಪಟ್ಟ ಕಾಸರಕಕ್ಕೆ ದಕ್ಕಿತು. ಕನ್ನಡದಲ್ಲಿ ಹೆಮ್ಮುಷ್ಟಿ, ತುಳುವಿನಲ್ಲಿ ಕಾಯೆರ್, ಮಲಯಾಳದಲ್ಲಿ ಕಾಂಞಿರಂ, ಸಸ್ಯಶಾಸ್ತ್ರದಲ್ಲಿ ಸ್ಟ್ರಿಕ್ನಾಸ್ ನಕ್ಸ್-ವಾಮಿಕಾ ಎನಿಸಿಕೊಳ್ಳುವ ಈ ಮರದಿಂದಲೇ ಊರಿಗೆ ಹೆಸರು ಬಂತೆಂದು ಒಂದು ವಾದ. 'ಕಾಸಾರ' ಎಂದರೆ ಕೆರೆ, ಅದರಿಂದ ಬಂತೆಂದು ಇನ್ನೊಂದು ವಾದ. ಯಾವುದು ನಿಜವೋ ಪಂಡಿತರು ತೀರ್ಮಾನಿಸಲಿ. ಬುಡದಲ್ಲಿ ನೀರು ನಿಂತರೆ ಈ ಮರ ಏನಾಗುತ್ತದೆ ಎಂದು ನೋಡಿದ ಮೇಲೆ ನನಗಂತೂ ಈ ಎರಡು ವಾದಗಳು ಒಂದೇ ಊರಿಗೆ ಅಂಟಿಕೊಂಡಿರುವುದು ತಮಾಷೆಯಾಗಿ ಕಾಣುತ್ತದೆ.

ಘೋಷಣೆಯ ಉತ್ಸಾಹ ಹಳ್ಳಿಯವರೆಗೂ ಇಳಿಯಿತು. 2024ರ ಜೂನ್‌ನಲ್ಲಿ ಊರಿನ ಯುವಕರ ಕೂಟವೊಂದು ಸಸಿ ಹಂಚಿತು. ಭಾವ 36 ಸಸಿ ತಂದರು. ಅವರ ಜಾಗ ಮುಳ್ಳೇರಿಯದ ಆಚೆ, ಕಾಸರಗೋಡಿನ ಒಳನಾಡಿನಲ್ಲಿ ಎಲ್ಲ ಕಡೆ ಇರುವಂಥದೇ: ಮೇಲೆ ಚಪ್ಪಟೆಯಾದ ಪದವು, ನಡುವೆ ಗುಡ್ಡದ ಓರೆ, ಕೆಳಗೆ ಅಡಕೆ ತೋಟ ಮತ್ತು ಹಿಂದೆ ಗದ್ದೆಯಾಗಿದ್ದ ಬೈಲು. ಪದವಿನ ತುದಿಯಿಂದ ಬೈಲಿಗೆ ಇಳಿಯಲು ಹತ್ತು ನಿಮಿಷ ಸಾಕು. ಭಾವ ನ್ಯಾಯವಂತರು, ಮೂರೂ ಕಡೆ ಹನ್ನೆರಡು ಹನ್ನೆರಡು ಸಸಿ ನೆಟ್ಟರು. ಈ ಸಮಪಾಲು ಇಲ್ಲದಿದ್ದರೆ ಈ ಬರಹವೂ ಇರುತ್ತಿರಲಿಲ್ಲ. ಒಂದೇ ಬೀಜದ ಗುಂಪಿನ ಸಸಿ, ಒಂದೇ ವಾರದಲ್ಲಿ ನೆಟ್ಟದ್ದು, ತಲೆಯ ಮೇಲೆ ಒಂದೇ ಮಳೆ. ಬೇರೆ ಬೇರೆಯಾಗಿದ್ದದ್ದು ಕಾಲಡಿಯ ನೆಲ ಮಾತ್ರ.

ಅಂಗನವಾಡಿಯ ಬಳಿಯೂ ಎರಡು ನೆಡಬೇಕೆಂದು ಕೂಟದವರು ಕೇಳಿದ್ದರಂತೆ. ಅಕ್ಕ ಖಡಾಖಂಡಿತ ಬೇಡವೆಂದಳು, ಸರಿಯಾಗಿಯೇ ಮಾಡಿದಳು. ಕಿತ್ತಳೆಯಂತೆ ಕಾಣುವ ಹಣ್ಣಿನೊಳಗೆ ಬಟನ್‌ನಂತಹ ಬೂದು ಬೀಜಗಳು, ಆ ಬೀಜಗಳಲ್ಲಿ ಸ್ಟ್ರಿಕ್ನೀನ್ ಮತ್ತು ಬ್ರೂಸಿನ್. ಜಿಲ್ಲೆಯ ಮರವೆಂಬ ಗೌರವ ವಿಷವನ್ನೇನೂ ಕಡಿಮೆ ಮಾಡುವುದಿಲ್ಲ.

ಕ್ಯಾಲೆಂಡರಿನ ಗುರುತುಗಳು

ಭಾವನ ಮನೆಯಲ್ಲಿ ಹಾಲಿನ ಲೆಕ್ಕ, ಕೂಲಿಯ ಲೆಕ್ಕ, ಏಕಾದಶಿ ಎಲ್ಲವೂ ಗೋಡೆಯ ಕ್ಯಾಲೆಂಡರಿನಲ್ಲಿ. ಸಸಿ ಸತ್ತ ದಿನಕ್ಕೂ ಅವರು ಅಲ್ಲೇ ಒಂದು ಅಡ್ಡಗೆರೆ ಎಳೆದು 'ಮೇ', 'ಓ', 'ಕೆ' ಎಂದು ಬರೆದಿದ್ದರು. ಮೇಲೆ, ಓರೆ, ಕೆಳಗೆ. ಹಳೆಯ ವರ್ಷದ್ದನ್ನೂ ಎಸೆದಿರಲಿಲ್ಲ. ನಾನು ಗುಡ್ಡಕ್ಕೆ ಹೋಗುವ ಮೊದಲು ಇವನ್ನೇ ಕುಳಿತು ನೋಡಿದೆ.

'ಕೆ' ಗುರುತುಗಳೆಲ್ಲ ಮಳೆಗಾಲದಲ್ಲಿ. ಬೈಲಿನ ಅಂಚಿನ ಹನ್ನೆರಡರಲ್ಲಿ ಒಂಬತ್ತು 2024ರ ಜುಲೈ, ಆಗಸ್ಟ್, ಸೆಪ್ಟೆಂಬರ್‌ಗಳಲ್ಲೇ ಹೋಗಿದ್ದವು. ಉಳಿದ ಮೂರು ಹಳದಿಯಾಗಿ ನಿಂತಿದ್ದು ನವೆಂಬರ್ ಮುಗಿಯುವುದರೊಳಗೆ ಮುಗಿದವು. 'ಮೇ' ಗುರುತುಗಳು ಎರಡು ಮಾತ್ರ ಜುಲೈಯಲ್ಲಿ, ಆಮೇಲೆ ತಿಂಗಳುಗಟ್ಟಲೆ ಏನೂ ಇಲ್ಲ. ಮತ್ತೆ ಫೆಬ್ರವರಿಯಿಂದ ಒಂದರ ಹಿಂದೆ ಒಂದು, ಏಳು. ಓರೆಯಲ್ಲಿ ಎರಡು ಹೋದದ್ದು. ಒಂದರ ಮೇಲೆ ಗಾಳಿಗೆ ಗೆಲ್ಲು ಬಿತ್ತು, ಇನ್ನೊಂದಕ್ಕೆ ಏನಾಯಿತೋ ಗೊತ್ತಾಗಲಿಲ್ಲ. ಬದುಕಿದ್ದದ್ದು ಪದವಿನಲ್ಲಿ ಮೂರು, ಓರೆಯಲ್ಲಿ ಹತ್ತು.

"ಅಕ್ಟೋಬರಿನಲ್ಲಿ ನೀನು ನೋಡಬೇಕಿತ್ತು," ಎಂದರು ಭಾವ. "ಮೇಲಿನವೇ ಎಲ್ಲಕ್ಕಿಂತ ಚೆಂದ ಇದ್ದವು. ನಿಗಿನಿಗಿ ಎಲೆ. ಕೆಳಗಿನವು ಸಾಯುತ್ತಿದ್ದವು, ಆದರೆ ಅವಕ್ಕೇ ಹೆಚ್ಚು ಗೊಬ್ಬರ ಹಾಕಿದ್ದು, ನೀರು ಇದ್ದದ್ದೂ ಅಲ್ಲೇ."

ಈ ಮಾತಿನಲ್ಲೇ ಅರ್ಧ ಉತ್ತರ ಇತ್ತು. ಆದರೆ ಭಾವನ ಅನುಮಾನಗಳನ್ನು ಮೊದಲು ಮುಗಿಸಬೇಕಿತ್ತು. ನರ್ಸರಿಯ ಸಸಿಯೇ ಸರಿಯಿಲ್ಲ ಎನ್ನುವುದು ಒಂದು. ಹಾಗಿದ್ದರೆ ಓರೆಯಲ್ಲಿಯೂ ಸಾಯಬೇಕಿತ್ತು. ದನ ಎನ್ನುವುದು ಇನ್ನೊಂದು. ಕಾಸರಕದ ಎಲೆಯ ಕಹಿಗೆ ದನ ಮೂಸಿ ಮುಂದೆ ಹೋಗುತ್ತದೆ, ಅದು ಅವರಿಗೇ ಗೊತ್ತು. ಮೂರನೆಯದು ಗೆದ್ದಲು. ಪದವಿನ ಸತ್ತ ಸಸಿಗಳ ಕಾಂಡಕ್ಕೆ ಗೆದ್ದಲಿನ ಮಣ್ಣು ಮೆತ್ತಿಕೊಂಡಿತ್ತು ನಿಜ, ಆದರೆ ಪಕ್ಕದಲ್ಲಿ ಬಿದ್ದಿದ್ದ ಒಣ ಕಡ್ಡಿಗೂ ಮೆತ್ತಿತ್ತು. ಗೆದ್ದಲು ಸತ್ತವರ ಬೊಜ್ಜಕ್ಕೆ ಬಂದ ನೆಂಟನೇ ಹೊರತು ಕೊಂದವನಲ್ಲ.

ಕಿತ್ತು ನೋಡಿದ್ದು

ವಿಷು ಕಣಿ ನೋಡಿ, ಪಾಯಸ ಉಂಡು, ಸಂಜೆ ಬಿಸಿಲು ತಗ್ಗಿದ ಮೇಲೆ ಹೊರಟೆವು. ಸತ್ತ ಸಸಿಗಳನ್ನು ಒಂದೊಂದಾಗಿ ಕಿತ್ತೆವು.

ಬೈಲಿನವು ಎಳೆದರೆ ಬಂದವು. ಆಗ ನೆಲ ಒಣಗಿತ್ತು, ಆದರೂ ಬೇರುಗಳ ಕಥೆ ಅಳಿಸಿಹೋಗಿರಲಿಲ್ಲ. ತಾಯಿಬೇರು ಕಪ್ಪಾಗಿ, ಸಿಪ್ಪೆ ಸುಲಿದು, ಒಳಗೆ ಟೊಳ್ಳು. ಅಲ್ಲಿನ ಮಣ್ಣು ಗುಡ್ಡದಿಂದ ಶತಮಾನಗಳ ಕಾಲ ತೊಳೆದು ಬಂದ ನಯವಾದ ಜಿಗುಟು ಮಣ್ಣು, ಫಲವತ್ತಾದದ್ದು. ಜೂನ್‌ನಿಂದ ಅಕ್ಟೋಬರ್‌ವರೆಗೆ ಒಂದು ಮೊಳ ಅಗೆದರೆ ನೀರು. ಅಡಕೆಗೆ ಅದನ್ನು ಸಹಿಸುವಂತೆ ಮಾಡಲೆಂದೇ ತೋಟದಲ್ಲಿ ಸಾಲಿಗೊಂದು ಕಣಿ ತೆಗೆದು ನೀರು ಬಸಿಯುತ್ತಾರೆ. ಕಾಸರಕದ ಸಸಿಗಳನ್ನು ನೆಟ್ಟದ್ದು ಕಣಿಯ ಆಚೆ, ಬಸಿಯದ ಮೂಲೆಯಲ್ಲಿ. ಬೇರೂ ಉಸಿರಾಡುತ್ತದೆ. ಮಣ್ಣಿನ ಸಂದುಗಳಲ್ಲಿ ಗಾಳಿಯ ಜಾಗವನ್ನೆಲ್ಲ ನೀರು ಹಿಡಿದರೆ ಬೇರಿಗೆ ಆಮ್ಲಜನಕ ಸಿಗುವುದಿಲ್ಲ, ಸತ್ತ ಬೇರಿಗೆ ಶಿಲೀಂಧ್ರ ಹತ್ತುತ್ತದೆ, ಬೇರು ಕೊಳೆತ ಗಿಡ ನೀರಿನ ನಡುವೆಯೇ ಬಾಯಾರಿ ಬಾಡುತ್ತದೆ. ಬಾಡಿದ್ದು ಕಂಡು ಭಾವ ಇನ್ನಷ್ಟು ಗೊಬ್ಬರ ಹಾಕಿದ್ದರು.

ಪದವಿನವನ್ನು ಕಿತ್ತಾಗ ನಾವಿಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದೆವು. ತಾಯಿಬೇರು ನೇರ ಕೆಳಗೆ ಒಂದು ಗೇಣಿನಷ್ಟು ಹೋಗಿ, ಅಲ್ಲಿಂದ ಮೊಣಕೈಯಂತೆ ಮಡಚಿ ಅಡ್ಡಕ್ಕೆ ಹರಿದಿತ್ತು. ಮಡಚಿದ ಕಡೆ ಹಾರೆ ಇಳಿಸಿದರೆ ಠಣ್ ಎಂದಿತು. ಒಂಬತ್ತರಲ್ಲಿ ಏಳರ ಬೇರು ಹೀಗೆಯೇ. ಎರಡರ ಬೇರು ಬೈಲಿನವುಗಳಂತೆ ಕಪ್ಪು. ಜುಲೈಯಲ್ಲಿ ಹೋದವು ಇವೇ ಇರಬೇಕು. ಕಲ್ಲು ಕೆತ್ತಿ ಮಾಡಿದ ಗುಂಡಿ ಮಳೆಗಾಲದಲ್ಲಿ ಬೋಗುಣಿಯಾಗಿತ್ತು.

ಓರೆಯ ಸಸಿಯೊಂದನ್ನೂ ಕಿತ್ತು ಹೋಲಿಸೋಣ ಎಂದೆ. ಭಾವ ಒಪ್ಪಲಿಲ್ಲ. ಸುಮ್ಮನೆ ಎಳೆದು ನೋಡಿದರು, ಅಲುಗಲಿಲ್ಲ. ಅಷ್ಟು ಸಾಕಿತ್ತು.

ಸುರಂಗದ ಅಜ್ಜ ಹೇಳಿದ ನೆಲ

ಮನೆಯ ಹಿಂದಿನ ಓರೆಯಲ್ಲಿ ಒಂದು ಸುರಂಗವಿದೆ. ಕಾಸರಗೋಡಿನ ಕಡೆಯ ಈ ಅಡ್ಡಬಾವಿಗಳನ್ನು ಕಂಡಿಲ್ಲದವರಿಗೆ ಹೇಳುವುದಾದರೆ, ಗುಡ್ಡದ ಹೊಟ್ಟೆಗೆ ಒಬ್ಬ ಆಳು ಬಗ್ಗಿ ನಡೆಯುವಷ್ಟು ಅಗಲಕ್ಕೆ ಕೊರೆದುಕೊಂಡು ಹೋಗಿ, ಒಳಗೆ ಜಿನುಗುವ ನೀರನ್ನು ಪಂಪಿನ ಹಂಗಿಲ್ಲದೆ ಹೊರಗೆ ಹರಿಸಿಕೊಳ್ಳುವ ಉಪಾಯ. ಅದನ್ನು ಕೊರೆದ ಅಜ್ಜ ಈಗ ಕೆಲಸ ಬಿಟ್ಟಿದ್ದಾರೆ, ಸಂಜೆ ಭಾವನ ಮನೆಗೆ ಬಂದು ಎಲೆಯಡಕೆ ಹಾಕಿ ಹೋಗುತ್ತಾರೆ. ಮಡಚಿದ ಬೇರನ್ನು ಅವರ ಕೈಗೆ ಕೊಟ್ಟೆವು.

"ಭಟ್ಟರೇ, ನೀವು ಮಾಡಿನ ಮೇಲೆ ನೆಟ್ಟಿರಿ," ಎಂದು ನಕ್ಕರು. ಅವರ ಮಾತಿನ ಪ್ರಕಾರ ಗುಡ್ಡವೊಂದು ಮನೆಯ ಹಾಗೆ. ಮೇಲಿನ ಮಾಡು, ಅಂದರೆ ಛಾವಣಿ, ಕಬ್ಬಿಣದಂತಹ ಕಲ್ಲು. ಒಳಗೆ ಹೋದ ಹಾಗೆ ಮುರಕಲ್ಲು, ಎಂದರೆ ಜಂಬಿಟ್ಟಿಗೆ ಕಲ್ಲು, ಮೆತ್ತಗಾಗುತ್ತದೆ, ತೂತುಗಳು ಹೆಚ್ಚುತ್ತವೆ, ತೂತಿನೊಳಗೆ ಹಳದಿ ಮತ್ತು ಬಿಳಿ ಮಣ್ಣು. ಇನ್ನೂ ಕೆಳಗೆ ನೀರು ಇಳಿಯಗೊಡದ ಜಿಗುಟು ಶೇಡಿಮಣ್ಣು. ಮಳೆಯ ನೀರು ಇಳಿದು ಬಂದು ಶೇಡಿಯ ಮೇಲೆ ನಿಲ್ಲುತ್ತದೆ, ಸುರಂಗದವನಿಗೆ ಬೇಕಾದದ್ದು ಆ ಜಾಗ. "ಸುರಂಗದ ಮಾಡಿನಲ್ಲಿ ಬೇರು ನೇತಾಡುವುದನ್ನು ಎಷ್ಟು ಸಲ ನೋಡಿದ್ದೇನೆ! ಮೇಲೆ ಯಾವ ಮರ ಎಂದು ಹೊರಗೆ ಬಂದು ಹುಡುಕಿದರೆ ಅದು ಓರೆಯಲ್ಲಿ ಇರುತ್ತದೆ. ಪದವಿನಲ್ಲಿ ಎಲ್ಲಿ ಇರುತ್ತದೆ ಮರ?"

ಭೂವಿಜ್ಞಾನದ ಪುಸ್ತಕ ಹೇಳುವುದೂ ಇದನ್ನೇ, ಇಷ್ಟು ಸೊಗಸಾಗಿ ಅಲ್ಲ. ಫ್ರಾನ್ಸಿಸ್ ಬುಕನನ್ 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ತಿರುಗಿ 1807ರಲ್ಲಿ ಪ್ರಕಟಿಸಿದ ಪ್ರವಾಸ ಕಥನದಲ್ಲಿ, ಇಂದಿನ ಮಲಪ್ಪುರಂ ಜಿಲ್ಲೆಯ ಅಂಗಾಡಿಪುರದಲ್ಲಿ ಕಂಡ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರಿಟ್ಟ. ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ. ನೆಲದೊಳಗೆ ಇರುವಾಗ ಕತ್ತಿಯಿಂದ ಕಡಿಯಬಹುದಾದ್ದು ಗಾಳಿ ಬಿಸಿಲಿಗೆ ಬಂದ ಮೇಲೆ ಕಲ್ಲಾಗಿ ಗಟ್ಟಿಯಾಗುತ್ತದೆ. ಮಳೆ ಸುರಿದು ಸುರಿದು ಸಿಲಿಕಾ ಮತ್ತು ಸುಣ್ಣದಂಶ ತೊಳೆದುಹೋಗಿ, ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದು ಆದದ್ದು ಇದು. ಅಂದರೆ ಪದವಿನ ಗಟ್ಟಿ ಮಾಡು ಕೂಡ ಈ ಹವೆಯ ಸೃಷ್ಟಿಯೇ. ಒಂದು ಕಾಲದ ಮಳೆ ಇನ್ನೊಂದು ಕಾಲದ ಮಳೆಗೆ ಬಾಗಿಲು ಮುಚ್ಚಿದೆ.

ಓರೆಯಲ್ಲಿ ಈ ಮಾಡು ಒಡೆದಿರುತ್ತದೆ. ಪದವಿನ ಅಂಚು ಕುಸಿದು ಬಂಡೆಗಳಾಗಿ ಉರುಳಿ, ಬಂಡೆಗಳ ಸಂದಿನಲ್ಲಿ ಮಣ್ಣು ಸೇರಿ, ಮೆತ್ತಗಿನ ಮುರಕಲ್ಲು ನೇರ ಎದುರಾಗುತ್ತದೆ. ಅದರ ತೂತುಗಳೇ ಬೇರಿಗೆ ಓಣಿ. ನೀರು ನಿಲ್ಲುವುದಿಲ್ಲ, ಆದರೆ ಆಳದಲ್ಲಿ ತೇವ ಬೇಸಿಗೆಯವರೆಗೂ ಉಳಿಯುತ್ತದೆ. ಕಾಸರಕಕ್ಕೆ ಬೇಕಾದದ್ದು ಈ ಎರಡೂ ಒಟ್ಟಿಗೆ.

ಮಳೆಯ ಅಂಕಿ ನಂಬಿ ಕೆಟ್ಟದ್ದು

ಭಾವನಿಗೆ ಅರಗದ ಸಂಗತಿ ಒಂದೇ: ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಿಲ್ಲೆಯಲ್ಲಿ, ತೋಟ ಕೊಳೆಯುವಷ್ಟು ನೀರು ಕಂಡ ಗುಡ್ಡದಲ್ಲಿ, ಒಂದು ಸಸಿ ಬಾಯಾರಿ ಸಾಯುವುದು ಹೇಗೆ?

ನಾವು ಒಂದು ಲೆಕ್ಕ ಹಾಕಿದೆವು, ಅಂದಾಜಿನದು. ಪದವಿನ ಮಣ್ಣು ಒಂದು ಗೇಣು, ಸುಮಾರು 20 ಸೆಂಟಿಮೀಟರ್. ಗೊರಜು ತುಂಬಿದ ಆ ಮಣ್ಣು ತನ್ನ ಗಾತ್ರದ ಹತ್ತರಲ್ಲೊಂದು ಪಾಲು ನೀರನ್ನು ಗಿಡಕ್ಕೆ ಸಿಗುವಂತೆ ಹಿಡಿದುಕೊಂಡರೂ ಅದು 20 ಮಿಲಿಮೀಟರ್. ಬೇಸಿಗೆಯ ಬಿಸಿಲು ದಿನಕ್ಕೆ 4–5 ಮಿಲಿಮೀಟರ್ ಎಳೆಯುತ್ತದೆ ಎಂದು ಹಿಡಿದರೆ ನಾಲ್ಕೈದು ದಿನದ ಸಂಗ್ರಹ. ಆಕಾಶ 3,500 ಕೊಟ್ಟರೂ ನೆಲದ ಕಿಸೆ 20 ಹಿಡಿಯುವಷ್ಟೇ ದೊಡ್ಡದು. ಉಳಿದದ್ದು ಹರಿದು ಬೈಲಿಗೆ, ತೋಡಿಗೆ, ಚಂದ್ರಗಿರಿಗೆ, ಸಮುದ್ರಕ್ಕೆ.

ಭಾವ ಕಾಗದವನ್ನು ಎರಡು ಸಲ ನೋಡಿದರು. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಇಲ್ಲಿ ಹೆಚ್ಚುಕಡಿಮೆ ಐದು ತಿಂಗಳು ಮಳೆಯೆಂಬುದಿಲ್ಲ, ಬಿದ್ದರೆ ಒಂದೆರಡು ಬೇಸಿಗೆ ಮಳೆ. ಅಕ್ಟೋಬರಿನಲ್ಲಿ ನಿಗಿನಿಗಿ ಕಂಡ ಎಲೆಗಳು ಸಾಲದಲ್ಲಿ ಮೆರೆದ ಮದುವೆಯಂತೆ. ಫೆಬ್ರವರಿಯಲ್ಲಿ ಸಾಲ ಕೊಟ್ಟವನು ಬಂದ.

ಹಾಗಾದರೆ ಕಾಸರಕಕ್ಕೆ ಬರ ತಡೆಯುವ ಶಕ್ತಿ ಇಲ್ಲವೇ? ಇದೆ. ಇದೇ ಮರ ಪೂರ್ವ ಕರಾವಳಿಯ ಕೋರಮಂಡಲದ ಕಾಡುಗಳಲ್ಲೂ ಸಹಜವಾಗಿ ಬೆಳೆಯುತ್ತದೆ, ಅಲ್ಲಿ ಬೀಳುವುದು ನಮ್ಮಲ್ಲಿನ ಅರ್ಧಕ್ಕಿಂತಲೂ ಕಡಿಮೆ ಮಳೆ. ಬಲಿತ ಮರ ಒಣ ತಿಂಗಳಲ್ಲಿ ಎಲೆ ಉದುರಿಸಿ ಖರ್ಚು ನಿಲ್ಲಿಸುತ್ತದೆ, ಮತ್ತೆ ಹೊಸ ಚಿಗುರಿನ ಜತೆ ಹಸಿರು ಬಿಳುಪಿನ ಸಣ್ಣ ಹೂ ಬಿಡುತ್ತದೆ. ನಿತ್ಯಹರಿದ್ವರ್ಣದ ಮರಕ್ಕೆ ಈ ಉಪಾಯವಿಲ್ಲ. ಆದರೆ ಈ ಉಪಾಯ ನಡೆಯಬೇಕಾದರೆ ಬೇರಿನಲ್ಲಿ ದಾಸ್ತಾನು ಇರಬೇಕು. ಪ್ಲಾಸ್ಟಿಕ್ ತೊಟ್ಟೆಯಿಂದ ಬಿಡಿಸಿ ನೆಟ್ಟು ಎಂಟು ತಿಂಗಳಾದ, ಮೊಣಕೈಯಷ್ಟು ಬೇರಿನ ಸಸಿ ಎಲೆ ಉದುರಿಸಿದರೆ ಚಿಗುರುವುದು ಯಾವ ಬಲದ ಮೇಲೆ?

ಪುದುಚೇರಿಯ ಫ್ರೆಂಚ್ ಸಂಸ್ಥೆಯಲ್ಲಿದ್ದ ಪಾಸ್ಕಲ್ 1980ರ ದಶಕದಲ್ಲಿ ಪಶ್ಚಿಮಘಟ್ಟದ ಕಾಡುಗಳ ನಕ್ಷೆ ಮಾಡುವಾಗ ಒಟ್ಟು ಮಳೆಗಿಂತ ಒಣ ತಿಂಗಳುಗಳ ಎಣಿಕೆಗೆ ತೂಕ ಕೊಟ್ಟದ್ದು ಸುಮ್ಮನೆ ಅಲ್ಲ. ಮುಂಗಾರು ತೆಂಕಣಕ್ಕೆ ಮೊದಲು ಬರುತ್ತದೆ, ಬಡಗಣದಿಂದ ಮೊದಲು ಹಿಂದೆ ಸರಿಯುತ್ತದೆ. ಹಾಗಾಗಿ ತಿರುವನಂತಪುರದ ಕಡೆ ಒಣಗಾಲ ಚಿಕ್ಕದು, ಬಡಗಿಗೆ ಹೋದ ಹಾಗೆ ಉದ್ದ. ಒಟ್ಟು ಮಳೆಯಲ್ಲಿ ಶ್ರೀಮಂತವಾದ ಕಾಸರಗೋಡು ಆ ಸಾಲಿನ ನಡುವಿನಲ್ಲಿ, ಉದ್ದ ಬೇಸಿಗೆಯ ಕಡೆಗೆ ವಾಲಿಕೊಂಡು ನಿಂತಿದೆ. ಪದವಿನ ಮೇಲೆ ಆ ಬೇಸಿಗೆಯನ್ನು ಗಟ್ಟಿ ಕಲ್ಲು ಇನ್ನೂ ಒಂದೆರಡು ತಿಂಗಳು ಉದ್ದ ಮಾಡುತ್ತದೆ. ಜರ್ಮನಿಯ ಸಸ್ಯವಿಜ್ಞಾನಿ ಹೈನ್ರಿಖ್ ವಾಲ್ಟರ್ ಹೇಳಿದ ಒಂದು ನಿಯಮ ಇಲ್ಲಿ ಹೊಂದುತ್ತದೆ: ಹವೆ ಬದಲಾದರೆ ಸಸ್ಯ ತಾನು ಕೂರುವ ಜಾಗ ಬದಲಿಸಿ ಅದನ್ನು ಸರಿದೂಗಿಸಿಕೊಳ್ಳುತ್ತದೆ. ಹವೆ ಒದ್ದೆಯಾದರೆ ಒಣ ಜಾಗಕ್ಕೆ, ಹವೆ ಒಣಗಿದರೆ ಒದ್ದೆ ಜಾಗಕ್ಕೆ. ನಮ್ಮ ಒದ್ದೆ ಜಿಲ್ಲೆಯಲ್ಲಿ ಕಾಸರಕ ಬೈಲು ಬಿಟ್ಟು, ನೀರು ಬಸಿಯುವ ಓರೆ ಹಿಡಿದಿರುವುದನ್ನು ನಾನು ಹಾಗೆ ಓದುತ್ತೇನೆ.

ಪದವು ಬರಡು ಎಂದು ಯಾರಾದರೂ ಅಂದುಕೊಂಡರೆ ಆಗಸ್ಟ್‌ನಲ್ಲಿ ಒಮ್ಮೆ ಬರಲಿ. ಹುಲ್ಲಿನ ನಡುವೆ ಹುಳ ಹಿಡಿಯುವ ಡ್ರೋಸೆರಾ, ಮಳೆನೀರು ನಿಲ್ಲುವ ಪಳ್ಳದ ಅಂಚಿನಲ್ಲಿ ಮಲಯಾಳದವರು ಓಣಂ ಪೂಕಳಕ್ಕೆ ಕೊಯ್ಯುವ ನೀಲಿ ಕಾಕ್ಕಪ್ಪೂ. ಬೇಸಿಗೆಗೆ ಮುಂಚೆ ಬದುಕು ಮುಗಿಸಿ ಬೀಜವಾಗುವ ಗಿಡಗಳ ರಾಜ್ಯ ಅದು. ಅಲ್ಲಿ ಗುಂಡಿ ತೋಡಿ ಮರ ನೆಡುವ ಉತ್ಸಾಹವೇ ತಪ್ಪೆಂದು ನನ್ನ ಅಭಿಪ್ರಾಯ. ಭಾವನಿಗೆ ಅಂದು ಹೇಳಲಿಲ್ಲ, ಈಗ ಹೇಳಿದ್ದೇನೆ.

ಒಂದು ಆಕ್ಷೇಪ, ನನಗೆ ನಾನೇ

ಓರೆಯಲ್ಲಿ ಹಳೆಯ ಕಾಸರಕಗಳು ಏಳೆಂಟು ಇವೆ. ಅವನ್ನು ತೋರಿಸಿ 'ನೋಡಿ, ಇದರ ನೆಲೆ ಇದೇ' ಎನ್ನುವುದು ಸುಲಭ. ಆದರೆ ಆ ಓರೆಯಲ್ಲಿ ತಲೆಮಾರುಗಳಿಂದ ತೋಟಕ್ಕೆ ಸೊಪ್ಪು ಕಡಿದಿದ್ದಾರೆ, ಸೌದೆ ಕಡಿದಿದ್ದಾರೆ, ದನ ಮೇಯಿಸಿದ್ದಾರೆ. ದನ ಮುಟ್ಟದ ಕಹಿ ಗಿಡ ಉಳಿದು, ಬಾಯಿಗೆ ರುಚಿಯಾದ ಗಿಡಗಳು ಹೋಗಿರಬಹುದಲ್ಲ? ದೈವದ ಕಟ್ಟೆಯ ಮರಕ್ಕೆ ಕೊಡಲಿ ಎತ್ತುವವರಿಲ್ಲ. ಪೈವಳಿಕೆಯ ಕಡೆ ಕಾಯರ್‌ಕಟ್ಟೆ ಎಂಬ ಊರೇ ಇದೆ. ಮರದ ಸುತ್ತ ಕಟ್ಟೆ, ಕಟ್ಟೆಯಿಂದ ಊರು. ಅಂಥ ಕಡೆ ಮರ ನಿಂತಿರುವುದಕ್ಕೆ ಮಣ್ಣಿನಷ್ಟೇ ಭಯಭಕ್ತಿಯೂ ಕಾರಣ. ಬೀಜ ಎಲ್ಲಿ ಬೀಳುತ್ತದೆ ಎನ್ನುವುದೂ ಮರದ ಇಷ್ಟವಲ್ಲ, ಹಣ್ಣಿನ ತಿರುಳು ತಿಂದು ಬೀಜ ಉಗುಳುವ ಮಂಗಟ್ಟೆ ಹಕ್ಕಿಯ ಇಷ್ಟ. ಆ ಹಕ್ಕಿ ಬಟ್ಟ ಬಯಲಾದ ಪದವಿನಲ್ಲಿ ಎಲ್ಲಿ ಕೂತೀತು?

ಆದ್ದರಿಂದ ಹಳೆಯ ಮರಗಳನ್ನು ನಾನು ಸಾಕ್ಷಿಗೆ ಕರೆಯುವುದಿಲ್ಲ. ಭಾವ ನೆಟ್ಟ 36 ಸಸಿಗಳ ಸಾಕ್ಷಿ ಬೇರೆ ತರಹದ್ದು. ಅವುಗಳ ಜಾಗವನ್ನು ಹಕ್ಕಿಯೂ ದೈವವೂ ಆರಿಸಲಿಲ್ಲ, ಸಮಪಾಲಿನ ಹಟ ಆರಿಸಿತು. ಒಂದೇ ಗುಡ್ಡ, ಒಂದೇ ವರ್ಷ, ಸಂಖ್ಯೆಯೂ ಚಿಕ್ಕದು, ಒಪ್ಪುತ್ತೇನೆ. ಆದರೂ ಸತ್ತ ತಿಂಗಳು ಮತ್ತು ಸತ್ತ ಬೇರು ಒಂದೇ ಮಾತು ಹೇಳಿದಾಗ ಕಿವಿಗೊಡದೆ ಇರುವುದು ಕಷ್ಟ.

ಪದವಿನ ಮೂವರು

ಪದವಿನಲ್ಲಿ ಬದುಕಿದ ಮೂರು ಸಸಿಗಳ ವಿಷಯ ಉಳಿಯಿತು. ಎರಡಕ್ಕೆ ಕಾರಣ ಕಣ್ಣೆದುರಿಗೇ ಇತ್ತು. ಭಾವನ ತಂದೆಯ ಕಾಲದಲ್ಲಿ ಮನೆ ಕಟ್ಟಲು ಕಲ್ಲು ತೆಗೆದ ಕೋರೆಯ ಅಂಚಿನಲ್ಲಿ ಅವಿದ್ದವು. ಕಲ್ಲು ಕಡಿದವರು ಮಾಡು ಒಡೆದುಕೊಟ್ಟಿದ್ದರು, ಬೇರು ಆ ಬಿರುಕಿನಲ್ಲಿ ಇಳಿದಿತ್ತು. ಮೂರನೆಯದು ನಟ್ಟನಡು ಪದವಿನಲ್ಲಿ, ಸುತ್ತಲಿನ ನಾಲ್ಕು ಸತ್ತರೂ, ಎರಡೇ ಎಲೆ ಹಿಡಿದುಕೊಂಡು ನಿಂತಿತ್ತು. ಬುಡದಲ್ಲಿ ಏನೂ ವಿಶೇಷ ಕಾಣಲಿಲ್ಲ. ಅದನ್ನು ಕೀಳುವ ಪ್ರಶ್ನೆಯೇ ಇಲ್ಲ.

ಪರೀಕ್ಷೆ ಹೊಳೆದದ್ದು ಭಾವನಿಗೆ. ಮನೆಯಿಂದ ಎರಡು ಕೊಡ ನೀರು ತರಿಸಿದರು. ಸತ್ತ ಸಸಿಯೊಂದರ ಖಾಲಿ ಗುಂಡಿಗೆ ಒಂದು ಕೊಡ ಸುರಿದರೆ ಒಣ ಮಣ್ಣು ಸ್ವಲ್ಪ ಕುಡಿದು, ಉಳಿದದ್ದು ನಿಂತುಬಿಟ್ಟಿತು. ಬದುಕಿದ್ದ ಸಸಿಯಿಂದ ಒಂದು ಮಾರು ದೂರದಲ್ಲಿ ಹಾರೆಯಿಂದ ಸಣ್ಣ ಕುಳಿ ಮಾಡಿ ಇನ್ನೊಂದು ಕೊಡ ಸುರಿದೆವು. ಗುಳುಗುಳು ಎಂದು ಇಳಿದು, ಎಲೆಯಡಕೆ ಜಗಿದು ಮುಗಿಸುವುದರೊಳಗೆ ಕುಳಿ ಬರಿದಾಯಿತು. ಕೆಳಗೆ ಎಲ್ಲೋ ಕಣ್ಣಿಗೆ ಕಾಣದ ಬಿರುಕು.

ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, ವಾಡಿಕೆಗಿಂತ ಎಂಟು ದಿನ ಮೊದಲು. ಆ ಎರಡೆಲೆಯ ಸಸಿಗೆ ಈ ಎಂಟು ದಿನವೂ ಲಾಭವೇ. ಜೂನ್‌ನಲ್ಲಿ ಭಾವ ಮತ್ತೆ ಹತ್ತು ಸಸಿ ತಂದರು. ಈ ಸಲ ಬೈಲಿಗೆ ಒಂದೂ ಇಲ್ಲ, ಪದವಿನ ನಡುವಿಗೂ ಇಲ್ಲ. ಪದವು ಮುರಿದು ಓರೆಯಾಗುವ ಅಂಚಿನ ಉದ್ದಕ್ಕೆ. ಮಳೆ ಬಿಟ್ಟ ಒಂದು ಬೆಳಿಗ್ಗೆ ಗುಂಡಿಗಳನ್ನು ತೋಡಿ, ಪ್ರತಿಯೊಂದಕ್ಕೂ ಕೊಡ ನೀರು ಸುರಿದು, ಊಟಕ್ಕೆ ಹೋಗಿ ಬಂದು ನೋಡಿದರು. ಎಂಟರಲ್ಲಿ ನೀರು ಇಳಿದಿತ್ತು. ಎರಡರಲ್ಲಿ ಸಂಜೆ ನಾಲ್ಕಕ್ಕೂ ಆಕಾಶ ಕಾಣುತ್ತಿತ್ತು. ಭಾವ ಅವೆರಡನ್ನೂ ಕಾಲಿನಿಂದ ಮಣ್ಣು ತಳ್ಳಿ ಮುಚ್ಚಿದರು, ಆರು ಅಡಿ ಕೆಳಗೆ ಸರಿದು ಮತ್ತೆ ಹಾರೆ ಎತ್ತಿದರು.